ಫೈಲ್ ಬದಲಾದ ಕೋಡ್‌ನ ಮೂಲ ಹುಡುಕುವುದು ಹೇಗೆ? ಗಿಟ್ ಬ್ಲೇಮ್ ಎಲ್ಲಾ ಸಾಲಿಗೂ ಒಬ್ಬರ ಹೆಸರನ್ನೇ ತೋರಿಸುತ್ತಿದೆ

ಕೋಡುಬಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಗೆ ಈಚೆಗೆ ಸೇರಿದ್ದೇನೆ. ಜಿಎಸ್‌ಟಿ ಲೆಕ್ಕ ಹಾಕುವ ಒಂದು ಪೈಥಾನ್ ಫಂಕ್ಷನ್ ಕ್ಲೀನ್ ಮಾಡು ಅಂತ ನನಗೆ ಕೊಟ್ಟಿದ್ದಾರೆ. ಅದರಲ್ಲಿ ಒಂದು ವಿಚಿತ್ರ ಇದೆ. ಬೇರೆ ರಾಜ್ಯದ ಗ್ರಾಹಕನ ಬಿಲ್ ಆದರೆ ನೇರವಾಗಿ ಪೂರ್ತಿ ದರದಲ್ಲಿ ತೆರಿಗೆ ಹಾಕಿ ಪೈಸೆಗೆ ರೌಂಡ್ ಮಾಡುತ್ತದೆ. ಅದೇ ರಾಜ್ಯದೊಳಗಿನ ಬಿಲ್ ಆದರೆ ಮೊದಲು ದರವನ್ನು ಅರ್ಧ ಮಾಡುತ್ತದೆ, ಆ ಅರ್ಧ ದರದಲ್ಲಿ ತೆರಿಗೆ ತೆಗೆದು ರೌಂಡ್ ಮಾಡುತ್ತದೆ, ಆಮೇಲೆ ಎರಡರಿಂದ ಗುಣಿಸುತ್ತದೆ. ಸುತ್ತಿ ಬಳಸಿ ಮೂಗು ಹಿಡಿಯೋದು ಯಾಕೆ ಅಂತ ಅರ್ಥ ಆಗಲಿಲ್ಲ. ಮೇಲೆ ಒಂದು ಕಾಮೆಂಟ್ ಇದೆ, ಡೋಂಟ್ ಟಚ್ ದಿಸ್ ಅಂತ. ಅದರಲ್ಲೂ ಟಚ್‌ನ ಸ್ಪೆಲಿಂಗ್ ತಪ್ಪು. ಯಾಕೆ ಮುಟ್ಟಬಾರದು ಅಂತ ಮಾತ್ರ ಬರೆದಿಲ್ಲ.

ಬರೆದವರನ್ನೇ ಕೇಳೋಣ ಅಂತ ಗಿಟ್‌ನಲ್ಲಿ (ಕೋಡ್ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಬ್ಲೇಮ್ ಹಾಕಿದೆ, ಪ್ರತಿ ಸಾಲನ್ನೂ ಕೊನೆಗೆ ಬದಲಿಸಿದವರು ಯಾರು ಅಂತ ತೋರಿಸುವ ಕಮಾಂಡ್ ಅದು. ಫೈಲ್‌ನ ಮೊದಲ ಸಾಲಿಂದ ಕೊನೆ ಸಾಲಿನವರೆಗೂ ಒಂದೇ ಹ್ಯಾಶ್, ಅಂದರೆ ಒಂದೇ ಕಮಿಟ್‌ನ (ದಾಖಲಿಸಿದ ಒಂದು ಬದಲಾವಣೆಯ) ಗುರುತು, ಒಬ್ಬರದೇ ಹೆಸರು. 2021ರ ಕಮಿಟ್, ಮೆಸೇಜ್ ಬರೀ 'ಫೋಲ್ಡರ್ ರೀಸ್ಟ್ರಕ್ಚರ್'. ಅದಕ್ಕೂ ಮೊದಲು ಯುಟಿಲ್ಸ್ ಅಂತ ಒಂದು ದೈತ್ಯ ಫೈಲ್ ಇತ್ತಂತೆ, ಅದನ್ನು ಒಡೆದು ಎಂಟು ಹತ್ತು ಫೈಲ್ ಮಾಡಿದ್ದಾರೆ. ಆ ಪುಣ್ಯಾತ್ಮರು ಕೋಡ್ ಬರೆದವರಲ್ಲ, ಬರೀ ಸಾಗಿಸಿದವರು. ಮನೆ ಶಿಫ್ಟ್ ಮಾಡಿಕೊಟ್ಟ ಪ್ಯಾಕರ್ಸ್‌ನವರ ಹೆಸರೇ ಎಲ್ಲಾ ಪಾತ್ರೆ ಮೇಲೂ ಕೆತ್ತಿದ ಹಾಗಾಗಿದೆ! ಅವರೂ ಈಗ ಕೆಲಸ ಬಿಟ್ಟಿದ್ದಾರೆ. ಗಿಟ್ ಲಾಗ್‌ಗೆ (ಕಮಿಟ್‌ಗಳ ಪಟ್ಟಿ) --ಫಾಲೋ (ಫೈಲ್‌ನ ಹೆಸರು ಬದಲಾದರೂ ಹಿಂಬಾಲಿಸು) ಹಾಕಿದರೂ ಅದೇ ಕಮಿಟ್‌ಗೆ ನಿಂತುಹೋಗುತ್ತದೆ.

ಹಿಂದಿನ ಇತಿಹಾಸ ಹೋಗೇ ಬಿಡ್ತಾ? ಅಥವಾ ದಾಟಿ ಹಿಂದೆ ಹೋಗೋಕೆ ದಾರಿ ಇದೆಯಾ?

---

ಹಳೇ ಕಮಿಟ್

ಎಲ್ಲೂ ಹೋಗಿಲ್ಲ. ನೀವು ಕೇಳಿದ ರೀತಿಗೆ ಸಿಗುವುದು ಅಷ್ಟೇ ಉತ್ತರ.

ಗಿಟ್‌ಗೆ 'ಈ ಕೋಡ್ ಅಲ್ಲಿಂದ ಇಲ್ಲಿಗೆ ಬಂತು' ಅಂತ ಬರೆದಿಡುವ ಅಭ್ಯಾಸವೇ ಇಲ್ಲ. ಪ್ರತಿ ಕಮಿಟ್‌ನಲ್ಲೂ ಆ ಹೊತ್ತಿಗೆ ಯಾವ ಫೈಲ್‌ನಲ್ಲಿ ಏನಿತ್ತು ಅನ್ನುವುದು ಮಾತ್ರ ಇರುತ್ತದೆ. ಗಿಟ್ ಎಂವಿ ಅಂತ ಫೈಲ್ ಸಾಗಿಸುವ ಕಮಾಂಡ್ ಕೊಟ್ಟರೂ ಒಳಗೆ ಆಗುವುದು ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವುದು, ಅಷ್ಟೇ. ಫೈಲ್‌ನ ಹೆಸರು ಬದಲಾಗಿದೆಯಾ ಅನ್ನುವುದನ್ನು ನೀವು ಲಾಗ್ ಕೇಳಿದ ಕ್ಷಣದಲ್ಲಿ ಎರಡು ಕಮಿಟ್ ಹೋಲಿಸಿ ಊಹೆ ಮಾಡುತ್ತದೆ. ಮಾಮೂಲಿ ಲೆಕ್ಕ ಏನೆಂದರೆ ಕಳೆದುಹೋದ ಫೈಲ್‌ಗೂ ಹೊಸ ಫೈಲ್‌ಗೂ ಶೇಕಡಾ 50ರಷ್ಟಾದರೂ ಹೋಲಿಕೆ ಇರಬೇಕು. ಇಡೀ ಫೈಲ್ ಹೆಸರು ಬದಲಾಗಿದ್ದರೆ ಬ್ಲೇಮ್ ತಾನಾಗಿಯೇ ಹಿಂದೆ ಹೋಗುತ್ತಿತ್ತು, ಏನೂ ಕೊಡಬೇಕಿರಲಿಲ್ಲ. ನಿಮ್ಮಲ್ಲಿ ದೊಡ್ಡ ಫೈಲ್ ಎಂಟು ಹತ್ತು ತುಂಡಾಗಿದೆ, ಯಾವ ತುಂಡೂ ಅರ್ಧದಷ್ಟು ಹೋಲಲ್ಲ. ಅದಕ್ಕೇ ಎಲ್ಲವೂ ಹೊಸದಾಗಿ ಹುಟ್ಟಿದ ಕೋಡ್ ಥರ ಕಾಣ್ತಿದೆ.

ಹೀಗೆ ಕೊಡಿ:

ಗಿಟ್ ಬ್ಲೇಮ್ -ಡಬ್ಲ್ಯೂ -ಸಿ -ಸಿ -ಸಿ -ಎಲ್ 40,60 ಫೈಲ್‌ಹೆಸರು

ಸಿ ಮತ್ತು ಎಲ್ ಕ್ಯಾಪಿಟಲ್, ಡಬ್ಲ್ಯೂ ಸ್ಮಾಲ್. 40,60 ಇರುವ ಕಡೆ ನಿಮಗೆ ಬೇಕಾದ ಸಾಲಿನ ನಂಬರ್ ಹಾಕಿಕೊಳ್ಳಿ. ಒಂದು ಸಿ ಕೊಟ್ಟರೆ ಅದೇ ಕಮಿಟ್‌ನಲ್ಲಿ ಬದಲಾದ ಬೇರೆ ಫೈಲ್‌ಗಳಲ್ಲಿ ಹುಡುಕುತ್ತದೆ. ಎರಡು ಕೊಟ್ಟರೆ, ಈ ಫೈಲ್ ಹುಟ್ಟಿದ ಕಮಿಟ್‌ನಲ್ಲಿ ಬೇರೆ ಯಾವ ಫೈಲ್‌ನಿಂದ ಕಾಪಿ ಆಗಿದೆ ಅಂತಲೂ ನೋಡುತ್ತದೆ, ಆ ಇನ್ನೊಂದು ಫೈಲ್ ಆ ಕಮಿಟ್‌ನಲ್ಲಿ ಬದಲಾಗದೇ ಇದ್ದರೂ ಸರಿ. ಮೂರು ಕೊಟ್ಟರೆ ದಾರಿಯಲ್ಲಿ ಸಿಗುವ ಪ್ರತಿ ಕಮಿಟ್‌ನಲ್ಲೂ ಹೀಗೆ ಹುಡುಕುತ್ತದೆ. ದೊಡ್ಡ ರೆಪೊ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಆದರೆ ತುಂಬಾ ನಿಧಾನ, ಕಾಫಿ ಕುಡಿದು ಬರಬಹುದು. ಅದಕ್ಕೇ ಎಲ್ ಹಾಕಿ ಬೇಕಾದ ಸಾಲುಗಳಿಗೆ ಮಾತ್ರ ಮಿತಿ ಮಾಡಿದ್ದು. ಡಬ್ಲ್ಯೂ ಯಾಕೆಂದರೆ ಫೈಲ್ ಒಡೆಯುವಾಗ ಸಾಮಾನ್ಯವಾಗಿ ಫಂಕ್ಷನ್‌ಗಳನ್ನು ಕ್ಲಾಸ್ ಒಳಗೆ ತುರುಕಿರುತ್ತಾರೆ, ಎಲ್ಲಾ ಸಾಲೂ ನಾಲ್ಕು ಸ್ಪೇಸ್ ಒಳಗೆ ಹೋಗಿರುತ್ತದೆ, ಡಬ್ಲ್ಯೂ ಆ ಸ್ಪೇಸ್‌ನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಲ್ಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರಲ್ಲ. ಒಂದು ತುಂಡಿನಲ್ಲಿ ಕನಿಷ್ಠ 40 ಅಕ್ಷರ ಅಂಕಿ ಹೊಂದಿದರೆ ಮಾತ್ರ ಅದು ಬೇರೆ ಫೈಲ್‌ನಿಂದ ಬಂದದ್ದು ಅಂತ ಸಿ ಒಪ್ಪಿಕೊಳ್ಳುತ್ತದೆ. ಸ್ಪೇಸು, ಬ್ರಾಕೆಟ್ಟು ಲೆಕ್ಕಕ್ಕಿಲ್ಲ. ಚಿಕ್ಕ ತುಂಡುಗಳು ಇದರಲ್ಲಿ ಸೋರಿಹೋಗುತ್ತವೆ. ಆಗ ಸಿ ಪಕ್ಕಕ್ಕೇ ನಂಬರ್ ಅಂಟಿಸಿ, -ಸಿ15 ಥರ. ತೀರಾ ಕಡಿಮೆ ಮಾಡಬೇಡಿ, 'ರಿಟರ್ನ್ ಟ್ರೂ' ಥರದ ಸಾಲಿಗೆಲ್ಲಾ ಎಲ್ಲೆಲ್ಲಿಂದಲೋ ಸಂಬಂಧ ಕಟ್ಟಿಬಿಡುತ್ತದೆ.

ಔಟ್‌ಪುಟ್‌ನಲ್ಲಿ ಹ್ಯಾಶ್ ಪಕ್ಕ ಹಳೆ ಫೈಲ್‌ನ ಹೆಸರು ಬಂದರೆ ಕೆಲಸ ಆಯ್ತು ಅಂತ. ಕಮಾಂಡ್ ಲೈನ್ ಬೇಜಾರು ಅಂದರೆ ಗಿಟ್ ಗುಯಿ ಬ್ಲೇಮ್ ತೆರೆಯಿರಿ. ನೋಡೋಕೆ ಹಳೇ ಕಾಲದ್ದು, ಆದರೆ ಸಾಲನ್ನು ಇಲ್ಲಿಗೆ ತಂದವರು ಯಾರು, ಮೊದಲು ಬರೆದವರು ಯಾರು ಅಂತ ಎರಡು ಬೇರೆ ಕಾಲಂನಲ್ಲಿ ತೋರಿಸುತ್ತದೆ. ಈ ಒಂದು ಕೆಲಸಕ್ಕೆ ಅದನ್ನು ಮೀರಿಸಿದ್ದು ನಾನಂತೂ ನೋಡಿಲ್ಲ.

---

ಕೋಡುಬಳೆ

ಸೂಪರ್ ಸರ್, ಅರ್ಧ ದಾರಿ ಬಂದೆ. ಈಗ ಬಹಳಷ್ಟು ಸಾಲುಗಳ ಪಕ್ಕ ಹಳೆ ಯುಟಿಲ್ಸ್ ಫೈಲ್‌ನ ಹೆಸರು ಕಾಣ್ತಿದೆ, ತಾರೀಕು 2019. ಆದರೆ ಎರಡು ತೊಂದರೆ.

ಒಂದು, ಎರಡರಿಂದ ಗುಣಿಸುವ ಆ ಸಾಲು ಮಾತ್ರ ಇನ್ನೂ 2021ರಲ್ಲೇ ನಿಂತಿದೆ. ಸಾಗಿಸುವಾಗಲೇ ವೇರಿಯಬಲ್‌ಗಳ ಹೆಸರನ್ನೂ ಬದಲಾಯಿಸಿದ ಹಾಗಿದೆ. ಎರಡು, 2019ರ ಹ್ಯಾಶ್‌ಗಳ ಮುಂದೆಲ್ಲಾ ಟೋಪಿ ಥರದ ಒಂದು ಗುರುತು ಬರ್ತಿದೆ, ಎಲ್ಲದಕ್ಕೂ ಒಂದೇ ಹ್ಯಾಶ್. ಅದೇನು?

---

ಡಿಫ್ ಓದುಗ

ಆ ಟೋಪಿ ಅಂದರೆ 'ಇಲ್ಲಿಂದ ಹಿಂದಕ್ಕೆ ನನಗೆ ದಾರಿ ಇಲ್ಲ' ಅಂತ. ಎರಡು ಕಾರಣ ಇರಬಹುದು. ನಿಮ್ಮ ಕ್ಲೋನ್ (ರೆಪೊದ ನಿಮ್ಮ ಕಾಪಿ) ಶಾಲೋ ಆಗಿರಬಹುದು, ಅಂದರೆ ಬೇಗ ಡೌನ್‌ಲೋಡ್ ಆಗಲಿ ಅಂತ ಯಾರೋ --ಡೆಪ್ತ್ ಹಾಕಿ ಈಚಿನ ಇತಿಹಾಸ ಮಾತ್ರ ತಂದಿರಬಹುದು. ಕೋಡನ್ನು ತಾನಾಗಿ ಟೆಸ್ಟ್ ಮಾಡುವ ಸಿಐ ಮೆಷಿನ್‌ಗಳಲ್ಲಿ ಇದು ಮಾಮೂಲು. ಗಿಟ್ ರೆವ್-ಪಾರ್ಸ್ --ಈಸ್-ಶಾಲೋ-ರೆಪಾಸಿಟರಿ ಕೊಟ್ಟು ನೋಡಿ, ಟ್ರೂ ಅಂದರೆ ಗಿಟ್ ಫೆಚ್ --ಅನ್‌ಶಾಲೋ ಮಾಡಿ, ಅಲ್ಲಿಗೆ ಮುಗೀತು. ಫಾಲ್ಸ್ ಅಂದರೆ ಅದೇ ನಿಮ್ಮ ರೆಪೊದ ಮೊಟ್ಟಮೊದಲ ಕಮಿಟ್. ನನ್ನ ಊಹೆ ಇದೇ. ಬೇರೆಲ್ಲೋ ಇದ್ದ ಕೋಡನ್ನು 2019ರಲ್ಲಿ ಒಟ್ಟಿಗೆ ತಂದು ಸುರಿದು 'ಇನಿಶಿಯಲ್ ಕಮಿಟ್' ಅಂದಿರುತ್ತಾರೆ. ಹಳೆ ರೆಪೊ ಎಲ್ಲಿತ್ತು ಅಂತ ಆಫೀಸಿನ ಹಳಬರನ್ನು ಕೇಳಿ.

ಇದು ಸಣ್ಣ ಕಂಪನಿಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. ಲಿನಕ್ಸ್ ಕರ್ನಲ್‌ನ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಗಿಟ್ ರೆಪೊ ಶುರುವಾಗುವುದೇ 2005ರ ಏಪ್ರಿಲ್‌ನಲ್ಲಿ, 2.6.12-ಆರ್‌ಸಿ2 ಆವೃತ್ತಿಯಿಂದ. ಅದಕ್ಕೂ ಮೊದಲು 2002ರಿಂದ ಬಿಟ್‌ಕೀಪರ್ ಅನ್ನುವ ಇನ್ನೊಂದು ಸಾಧನದಲ್ಲಿ ಇತ್ತು, ಆ ಇತಿಹಾಸವನ್ನು ಲಿನಸ್ (ಲಿನಕ್ಸ್, ಗಿಟ್ ಎರಡನ್ನೂ ಶುರು ಮಾಡಿದವರು) ಬೇಕೆಂದೇ ತರಲಿಲ್ಲ. ಕರ್ನಲ್‌ನ ಎಷ್ಟೋ ಹಳೆ ಸಾಲುಗಳಿಗೆ ಇವತ್ತು ಬ್ಲೇಮ್ ಹಾಕಿದರೂ ಲಿನಸ್ ಹೆಸರು, ಅದೇ ಟೋಪಿ ಬರುತ್ತದೆ. ಅವೆಲ್ಲಾ ಅವರೇ ಬರೆದ ಸಾಲುಗಳಲ್ಲ ಅಲ್ವಾ. ಹಳೆ ಇತಿಹಾಸವನ್ನು ಆಮೇಲೆ ಬೇರೆ ರೆಪೊ ಆಗಿ ಮಾಡಿಟ್ಟಿದ್ದಾರೆ, ಬೇಕಾದವರು ತಮ್ಮ ಮೆಷಿನ್‌ನಲ್ಲಿ ಎರಡನ್ನೂ ಜೋಡಿಸಿಕೊಳ್ಳುತ್ತಾರೆ.

ನೀವೂ ಹಾಗೇ ಜೋಡಿಸಬಹುದು. ಹಳೆ ರೆಪೊವನ್ನು ಇನ್ನೊಂದು ರಿಮೋಟ್ (ಹೊರಗಿನ ರೆಪೊ) ಆಗಿ ಸೇರಿಸಿ ಫೆಚ್ ಮಾಡಿ, ಅಂದರೆ ತಂದುಕೊಳ್ಳಿ. ಆಮೇಲೆ ಗಿಟ್ ರಿಪ್ಲೇಸ್ --ಗ್ರಾಫ್ಟ್ ಅಂತ ಕೊಟ್ಟು, ಮೊದಲು ಹೊಸ ರೆಪೊದ ಮೊದಲ ಕಮಿಟ್‌ನ ಹ್ಯಾಶ್, ನಂತರ ಹಳೆ ರೆಪೊದ ಕೊನೆ ಕಮಿಟ್‌ನ ಹ್ಯಾಶ್ ಹಾಕಿ. ಅಲ್ಲಿಂದ ಲಾಗ್, ಬ್ಲೇಮ್ ಎಲ್ಲಾ ಒಂದೇ ಸರಪಳಿ ಥರ ಹಿಂದೆ ಹೋಗುತ್ತವೆ. ಹಳೆಯದು ಎಸ್‌ವಿಎನ್‌ನಲ್ಲಿ (ಗಿಟ್‌ಗಿಂತ ಹಳೇ ಸಾಧನ) ಇದ್ದರೆ ಗಿಟ್ ಎಸ್‌ವಿಎನ್‌ ಕಮಾಂಡ್‌ನಿಂದ ಮೊದಲು ಗಿಟ್‌ಗೆ ತಂದುಕೊಳ್ಳಬೇಕು.

ಹೆಸರು ಬದಲಾದ ಆ ಸಾಲಿಗೆ ಬ್ಲೇಮ್ ಬಿಟ್ಟುಬಿಡಿ. ಗಿಟ್ ಲಾಗ್ -ಎಸ್ ಹಾಕಿ (ಎಸ್ ಕ್ಯಾಪಿಟಲ್), ಪಕ್ಕದಲ್ಲಿ ಹುಡುಕುವ ಪದ, ಜೊತೆಗೆ --ಆಲ್ --ರಿವರ್ಸ್. ಒಂದು ಫೈಲ್‌ನಲ್ಲಿ ಆ ಪದ ಎಷ್ಟು ಸಲ ಇದೆ ಅನ್ನುವ ಲೆಕ್ಕ ಬದಲಾದ ಕಮಿಟ್‌ಗಳನ್ನು ಮಾತ್ರ ತೋರಿಸುತ್ತದೆ. ರಿವರ್ಸ್ ಇರುವುದರಿಂದ ಪದ ಹುಟ್ಟಿದ ಕಮಿಟ್ ಮೇಲೇ ಬರುತ್ತದೆ. ಫೈಲ್‌ನ ಹೆಸರು ಮಾತ್ರ ಕೊಡಬೇಡಿ, ಕೊಟ್ಟರೆ ಮತ್ತೆ 2021ಕ್ಕೇ ಬಂದು ನಿಲ್ಲುತ್ತೀರಿ. ಒಂದೇ ಫೈಲ್‌ನೊಳಗೆ ಮೇಲಿಂದ ಕೆಳಗೆ ಹೋಗಿದ್ದರೆ ಎಸ್‌ಗೆ ಅದು ಕಾಣಲ್ಲ, ಲೆಕ್ಕ ಬದಲಾಗಿರಲ್ಲವಲ್ಲ. ಅಂಥ ಕಡೆ ಕ್ಯಾಪಿಟಲ್ ಜಿ ಹಾಕಿ, ಅದು ಡಿಫ್‌ನಲ್ಲಿ (ಎರಡು ಆವೃತ್ತಿಗಳ ವ್ಯತ್ಯಾಸ) ಕೂಡಿದ, ಕಳೆದ ಸಾಲುಗಳನ್ನೇ ನೋಡುತ್ತದೆ.

ಯಾವ ಪದ ಹುಡುಕಬೇಕು? ನಿಮ್ಮ ಅದೃಷ್ಟ ಚೆನ್ನಾಗಿದೆ. ಆ ತಪ್ಪು ಸ್ಪೆಲಿಂಗ್‌ನ 'ಟಚ್' ಹಾಕಿ! ವೇರಿಯಬಲ್ ಹೆಸರನ್ನು ಎಲ್ಲರೂ ಬದಲಾಯಿಸುತ್ತಾರೆ, ಆದರೆ 'ಮುಟ್ಟಬೇಡಿ' ಅಂತ ಬರೆದ ಕಾಮೆಂಟನ್ನು ಯಾರೂ ಮುಟ್ಟಲ್ಲ. ಇಡೀ ರೆಪೊದಲ್ಲಿ ಅಂಥ ಸ್ಪೆಲಿಂಗ್ ಇನ್ನೊಂದು ಇರುವ ಸಾಧ್ಯತೆಯೂ ಕಡಿಮೆ.

ಇನ್ನೂ ಒಂದು. ಅರ್ಧ ಅರ್ಧ ಅಂದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅಲ್ವಾ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅದಕ್ಕೆ ತಯಾರಿ ಸ್ವಲ್ಪ ಮೊದಲೇ ನಡೆದಿರುತ್ತದೆ. ಹಳೆ ರೆಪೊ ಎಷ್ಟೇ ದೊಡ್ಡದಿದ್ದರೂ --ಸಿನ್ಸ್ ಹಾಕಿ 2017ರಿಂದ ಈಚೆಗೆ ನೋಡಿದರೆ ಸಾಕು.

---

ಟೆಸ್ಟ್ ಮೊದಲು

ಒಂದು ಸಾಲಿಗೆ ಇಷ್ಟೊಂದು ಉತ್ಖನನ ಯಾಕ್ರೀ? ಯಾರು ಬರೆದರು ಅಂತ ಗೊತ್ತಾದ ಮಾತ್ರಕ್ಕೆ ಯಾಕೆ ಬರೆದರು ಅಂತ ಗೊತ್ತಾಗಲ್ಲ. 'ಫಿಕ್ಸ್ಡ್ ಬಗ್' ಅಂತ ಮೆಸೇಜ್ ಇರುತ್ತದೆ, ನೋಡಿ ತಲೆ ಚಚ್ಚಿಕೊಳ್ಳುತ್ತೀರಿ. ಪೆನ್ನು ಪೇಪರ್ ಹಿಡಿದರೆ ಐದು ನಿಮಿಷದ ಕೆಲಸ.

1005 ರೂಪಾಯಿ ಮಾಲು, ಶೇಕಡಾ 5 ತೆರಿಗೆ. ನೇರವಾಗಿ ಹಾಕಿದರೆ 50.25. ಅರ್ಧ ಮಾಡಿದರೆ ಶೇಕಡಾ 2.5ಕ್ಕೆ 25.125, ರೌಂಡ್ ಮಾಡಿದರೆ 25.13. ಬಿಲ್‌ನಲ್ಲಿ ಸಿಜಿಎಸ್‌ಟಿ 25.13 ಒಂದು ಸಾಲು, ಎಸ್‌ಜಿಎಸ್‌ಟಿ 25.13 ಇನ್ನೊಂದು ಸಾಲು. ಎರಡು ಕೂಡಿದರೆ 50.26. ನೀವು ಕ್ಲೀನ್ ಮಾಡ್ತೀನಿ ಅಂತ ಒಟ್ಟು ತೆರಿಗೆಯನ್ನು 50.25 ಮಾಡಿದರೆ ಮೇಲಿನ ಎರಡು ಸಾಲಿಗೂ ಕೆಳಗಿನ ಮೊತ್ತಕ್ಕೂ ಒಂದು ಪೈಸೆ ತಾಳೆ ಆಗಲ್ಲ. ಒಂದು ಪೈಸೆಗೆ ಅಕೌಂಟ್ಸ್‌ನವರು ಎಷ್ಟು ಕೂಗಾಡುತ್ತಾರೆ ಅಂತ ಬಿಲ್ಲಿಂಗ್‌ನಲ್ಲಿ ಇದ್ದವರಿಗೆ ಗೊತ್ತು. ಇದೇ ಕಾರಣ ಇರಬೇಕು, ಬೇರೇನಿಲ್ಲ.

ಇನ್ನೊಂದು ಕಡೆ ಕಣ್ಣಿಡಿ. ಆ ರೌಂಡ್ ಪೈಥಾನ್‌ನ ಮಾಮೂಲಿ ರೌಂಡ್ ಫಂಕ್ಷನ್ನಾ, ಡೆಸಿಮಲ್ಲಾ (ದಶಮಾಂಶವನ್ನು ನಿಖರವಾಗಿ ಲೆಕ್ಕ ಹಾಕುವ ಪೈಥಾನ್ ಸೌಲಭ್ಯ)? ಪೈಥಾನ್ 2ರಲ್ಲಿ 25.125 ಅನ್ನು ರೌಂಡ್ ಮಾಡಿದರೆ 25.13. ಪೈಥಾನ್ 3ರಲ್ಲಿ ಅದೇ ಸಾಲು 25.12 ಕೊಡುತ್ತದೆ, ಸರಿಯಾಗಿ ನಡುವೆ ಬಂದರೆ ಸಮಸಂಖ್ಯೆ ಕಡೆ ವಾಲುತ್ತದೆ. ಒಂದಕ್ಷರ ಬದಲಾಗದೇ ಉತ್ತರ ಬದಲಾಗಿರಬಹುದು, ಅದನ್ನು ಯಾವ ಬ್ಲೇಮೂ ತೋರಿಸಲ್ಲ. ಡೆಸಿಮಲ್‌ನ ಹಾಫ್ ಅಪ್ (ಸರಿಯಾಗಿ ನಡುವೆ ಬಂದರೆ ಮೇಲಕ್ಕೆ) ಇದ್ದರೆ ಬಚಾವ್. ಈ 1005ಕ್ಕೆ ಒಂದು ಟೆಸ್ಟ್ ಬರೆದು, ಕಾಮೆಂಟ್‌ನಲ್ಲಿ ಕಾರಣ ಬರೆದು, ಮುಂದಿನ ಕೆಲಸ ನೋಡಿ.

---

ಹಳೇ ಕಮಿಟ್

@ಟೆಸ್ಟ್ ಮೊದಲು, ಲೆಕ್ಕ ಚೆನ್ನಾಗಿದೆ, ರೌಂಡ್ ವಿಷಯವೂ ನಿಜ. ಆದರೆ 'ಇದೇ ಕಾರಣ ಇರಬೇಕು' ಅನ್ನುವಲ್ಲಿ ನನಗೆ ಒಪ್ಪಿಗೆ ಇಲ್ಲ. ನಮಗೆ ಹೊಳೆದ ಕಾರಣ ಒಂದು, ಬರೆದವರ ಕಾರಣ ಇನ್ನೊಂದು ಇರಬಹುದು. ಯಾವುದೋ ಒಬ್ಬ ಗ್ರಾಹಕನ ಪ್ರಿಂಟರ್ ಫಾರ್ಮ್ಯಾಟ್‌ಗೆ ಅಂತ ಹಾಕಿದ್ದೂ ಇರಬಹುದು. ಹುಡುಕೋದು ಹತ್ತು ನಿಮಿಷದ ಕೆಲಸ ಅಂತಾದರೆ ಹುಡುಕಲಿ ಬಿಡಿ.

ಅಷ್ಟಕ್ಕೂ ಇಲ್ಲಿ ಎಡವಟ್ಟಾಗಿದ್ದು 2021ರಲ್ಲಿ. ಸಾಗಿಸುವುದು, ಹೆಸರು ಬದಲಾಯಿಸುವುದು ಎರಡನ್ನೂ ಒಂದೇ ಕಮಿಟ್‌ನಲ್ಲಿ ಮಾಡಿದ್ದಾರೆ. ಗಿಟ್ ಊಹೆ ಮೇಲೆ ನಡೆಯುವ ಸಾಧನ, ಅದಕ್ಕೆ ಊಹಿಸೋಕೆ ಅನುಕೂಲ ಮಾಡಿಕೊಡಬೇಕು. ಮೊದಲ ಕಮಿಟ್‌ನಲ್ಲಿ ಕತ್ತರಿಸಿ ಅಂಟಿಸಿ, ಒಂದಕ್ಷರ ಬದಲಾಯಿಸಬೇಡಿ. ರಿಪೇರಿ ಎಲ್ಲಾ ಎರಡನೇ ಕಮಿಟ್‌ನಲ್ಲಿ. ಕರ್ನಲ್‌ನವರ ಉದಾಹರಣೆ ಮತ್ತೆ ಕೊಡ್ತೀನಿ, ಬೇಜಾರಾಗಬೇಡಿ. 2007ರ ಅಕ್ಟೋಬರ್‌ನಲ್ಲಿ ಐ386, ಎಕ್ಸ್86_64 ಅಂತ (32 ಬಿಟ್, 64 ಬಿಟ್ ಪ್ರೊಸೆಸರ್‌ಗಳಿಗೆ) ಬೇರೆ ಬೇರೆ ಇದ್ದ ಎರಡು ದೊಡ್ಡ ಫೋಲ್ಡರ್‌ಗಳನ್ನು ಎಕ್ಸ್86 ಅಂತ ಒಂದಕ್ಕೆ ತಂದರು, ಅದು 2.6.24ರಲ್ಲಿ ಹೊರಬಂತು. ಎರಡು ಕಡೆಯೂ ಒಂದೇ ಹೆಸರಿನ ಫೈಲ್ ಇದ್ದ ಕಡೆ ಆಗಲೇ ಬೆರೆಸಲಿಲ್ಲ. ಹಿಂದೆ _32, _64 ಅಂತ ಅಂಟಿಸಿ ಹಾಗೆಹಾಗೇ ತಂದಿಟ್ಟರು. ಟ್ರ್ಯಾಪ್ಸ್_32, ಟ್ರ್ಯಾಪ್ಸ್_64 ಥರದವನ್ನು ನಿಧಾನಕ್ಕೆ, ಸಣ್ಣಸಣ್ಣ ಪ್ಯಾಚ್‌ಗಳಲ್ಲಿ ಒಂದೇ ಥರ ಮಾಡುತ್ತಾ ಬಂದು ಆಮೇಲೆ ಒಂದು ಮಾಡಿದರು. ಅಷ್ಟು ದೊಡ್ಡ ಸ್ಥಳಾಂತರ ಆಗಿದ್ದರೂ ಇವತ್ತು ಆ ಫೈಲ್‌ಗಳಲ್ಲಿ ಬ್ಲೇಮ್ ಹಿಂದಕ್ಕೆ ದಾಟಿ ಹೋಗುತ್ತದೆ.

ರಿವ್ಯೂ ಮಾಡುವವರಿಗೂ ಇದೇ ಸುಲಭ. ಗಿಟ್ ಡಿಫ್‌ಗೆ --ಕಲರ್-ಮೂವ್ಡ್ ಹಾಕಿದರೆ ಸಾಗಿಸಿದ ಸಾಲುಗಳಿಗೆ ಬೇರೆ ಬಣ್ಣ ಬರುತ್ತದೆ, ನಿಜವಾಗಿ ಬದಲಾದದ್ದು ಮಾತ್ರ ಹಸಿರು ಕೆಂಪಲ್ಲಿ ಉಳಿಯುತ್ತದೆ. ಸಾವಿರ ಸಾಲಿನ ಡಿಫ್ ನೋಡಿ ಕಣ್ಣು ಮುಚ್ಚಿ ಅಪ್ರೂವ್ ಒತ್ತುವುದು ತಪ್ಪುತ್ತದೆ.

ಕೆಲವರು ಬಂದು 'ಇಗ್ನೋರ್ ರೆವ್ಸ್ ಫೈಲ್‌ಗೆ 2021ರ ಹ್ಯಾಶ್ ಹಾಕಿ' ಅನ್ನುತ್ತಾರೆ, ಮೊದಲೇ ಹೇಳಿಬಿಡ್ತೀನಿ. 2019ರಲ್ಲಿ ಗಿಟ್ 2.23ಕ್ಕೆ ಬಂದ ಒಳ್ಳೆ ಸೌಲಭ್ಯ ಅದು, ಇಡೀ ಕೋಡನ್ನು ಫಾರ್ಮ್ಯಾಟರ್‌ಗೆ (ಸ್ಪೇಸು, ಸಾಲುಗಳ ಜೋಡಣೆ ತಿದ್ದುವ ಸಾಧನ) ಹಾಕಿದ ಕಮಿಟ್‌ಗಳನ್ನು ಬ್ಲೇಮ್‌ನಿಂದ ಮರೆಮಾಚೋಕೆ. ಇಲ್ಲಿ ಉಪಯೋಗಕ್ಕೆ ಬರಲ್ಲ. ಆ ಫೈಲ್ ಹುಟ್ಟಿದ್ದೇ ಆ ಕಮಿಟ್‌ನಲ್ಲಿ, ಅದನ್ನು ಬಿಟ್ಟು ಹಿಂದೆ ಹೋಗು ಅಂದರೆ ಹೋಗೋಕೆ ಫೈಲೇ ಇಲ್ಲ.

---

ಮೆರ್ಕ್ಯುರಿಯಲ್ ಪ್ರೇಮಿ

ಇಷ್ಟೆಲ್ಲಾ ಒದ್ದಾಟ ಯಾಕೆ, ಗಿಟ್ ಬದಲು ಮೆರ್ಕ್ಯುರಿಯಲ್‌ನಲ್ಲಿ ಎಚ್‌ಜಿ ಎಂವಿ (ಸಾಗಿಸು), ಎಚ್‌ಜಿ ಸಿಪಿ (ಕಾಪಿ ಮಾಡು) ಕೊಟ್ಟಿದ್ದರೆ ಎಲ್ಲಿಂದ ಬಂತು ಅಂತ ಕಮಿಟ್‌ನಲ್ಲೇ ದಾಖಲಾಗಿರುತ್ತಿತ್ತು. ಸುಮ್ನೆ ಹೇಳಿದೆ :)

---

ಡಿಫ್ ಓದುಗ

ಫೈಲ್ ಮಟ್ಟಕ್ಕೆ ನಿಮ್ಮ ಮಾತು ಸರಿ. ಆದರೆ ಡೆವಲಪರ್ ಎಡಿಟರ್‌ನಲ್ಲಿ ಕಟ್ ಮಾಡಿ ಇನ್ನೊಂದು ಫೈಲ್‌ಗೆ ಪೇಸ್ಟ್ ಮಾಡಿದರೆ ಮೆರ್ಕ್ಯುರಿಯಲ್‌ಗೂ ಗೊತ್ತಾಗಲ್ಲ. ಎಲ್ಲರೂ ಮಾಡೋದು ಅದನ್ನೇ. 2005ರಲ್ಲಿ ಲಿನಸ್ ವಾದವೂ ಹೀಗೇ ಇತ್ತು: ಫೈಲ್‌ನ ಹೆಸರನ್ನು ಹಿಂಬಾಲಿಸಿ ಉಪಯೋಗ ಇಲ್ಲ, ಒಳಗಿರುವುದನ್ನು ಇಟ್ಟುಕೊಳ್ಳೋಣ, ಹುಡುಕುವ ಸಾಧನ ಆಮೇಲೆ ಎಷ್ಟು ಬೇಕಾದರೂ ಜಾಣ ಆಗಬಹುದು. ಮರುವರ್ಷವೇ, ಆಗ ಗಿಟ್‌ನ ಉಸ್ತುವಾರಿ ಹೊತ್ತಿದ್ದ ಜೂನಿಯೋ ಹಮಾನೋ ಬ್ಲೇಮನ್ನು ಹೊಸದಾಗಿ ಬರೆದು, ಫೈಲ್‌ನಿಂದ ಫೈಲ್‌ಗೆ ಹೋದ ಸಾಲು ಹುಡುಕುವುದನ್ನು ತಂದರು. ಇವತ್ತು ನಾವು ಹಾಕುವ ಸಿ ಅದೇ.

---

ಕೋಡುಬಳೆ

ಸಿಕ್ತು! ಶಾಲೋ ಆಗಿರಲಿಲ್ಲ, ಅದು ಮೊದಲ ಕಮಿಟ್ಟೇ. ಹಳೆ ರೆಪೊ ಆಫೀಸಿನ ಒಂದು ಹಳೆ ಸರ್ವರ್‌ನಲ್ಲಿ ಕೂತಿತ್ತು, ಪುಣ್ಯಕ್ಕೆ ಗಿಟ್ಟಲ್ಲೇ ಇತ್ತು. ಗ್ರಾಫ್ಟ್ ಮಾಡಿ ಆ ತಪ್ಪು ಸ್ಪೆಲಿಂಗ್ ಹುಡುಕಿದೆ. ಬಂದದ್ದು ಮೂರೇ ಕಮಿಟ್: 2021ರದ್ದು, 2019ರದ್ದು, ಮತ್ತೆ 2017ರ ಜುಲೈ ಕೊನೆಯದ್ದು.

2017ರ ಕಮಿಟ್ ಯುಟಿಲ್ಸ್‌ನಲ್ಲೂ ಇರಲಿಲ್ಲ, ಬಿಲ್ ಪ್ರಿಂಟ್ ಮಾಡುವ ಫೈಲ್‌ನಲ್ಲಿ ಇತ್ತು. ಮೆಸೇಜ್‌ನಲ್ಲಿ ಬಿಲ್‌ನ ಎರಡು ತೆರಿಗೆ ಸಾಲು ಕೂಡಿದರೆ ಒಟ್ಟು ಬರ್ತಿಲ್ಲ ಅಂತ ಒಬ್ಬ ಗ್ರಾಹಕರು ದೂರು ಕೊಟ್ಟಿದ್ದು ಬರೆದಿದೆ. @ಟೆಸ್ಟ್ ಮೊದಲು ಸರ್, ಕಾರಣ ನೀವು ಹೇಳಿದ್ದೇ. ಜೊತೆಗೆ ಅದೇ ಕಮಿಟ್‌ನಲ್ಲಿ ಒಂದು ಟೆಸ್ಟ್ ಕೂಡ ಇದೆ, ಶೇಕಡಾ 5ರ ಒಂದು ಬಿಲ್, ಅರ್ಧ ಪೈಸೆ ನಡುವೆ ಬೀಳುವ ಹಾಗೆ ಬೇಕೆಂದೇ ಆರಿಸಿದ ಮೊತ್ತ. 2021ರಲ್ಲಿ ಫೋಲ್ಡರ್ ಬದಲಾಯಿಸಿದಾಗ ಆ ಟೆಸ್ಟ್ ಹಳೆ ಫೋಲ್ಡರ್ ಜೊತೆಗೇ ಡಿಲೀಟ್ ಆಗಿದೆ, ಯಾರೂ ಗಮನಿಸಿಲ್ಲ. ಅದನ್ನು ವಾಪಸ್ ತಂದು ಓಡಿಸಿದೆ. ಫೇಲ್ ಆಯ್ತು! ರೌಂಡ್ ಮಾಮೂಲಿ ಫಂಕ್ಷನ್ನೇ, ಪೈಥಾನ್ 3ಕ್ಕೆ ಬಂದಾಗಿನಿಂದ ಅಂಥ ಮೊತ್ತಗಳಿಗೆ ಕೆಳಗೆ ವಾಲುತ್ತಿದೆ. ಡೆಸಿಮಲ್‌ಗೆ ಬದಲಾಯಿಸುವ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದ್ದೇನೆ.

ಕೊನೆ ಪ್ರಶ್ನೆ: ಈ ಗ್ರಾಫ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ. ಟೀಮ್‌ನವರಿಗೆಲ್ಲಾ ಸಿಗೋ ಹಾಗೆ ಮಾಡಬಹುದಾ?

---

ಡಿಫ್ ಓದುಗ

ಮಾಡಬಹುದು. ಗ್ರಾಫ್ಟ್ ಕೂರುವುದು ರೆಫ್ಸ್/ರಿಪ್ಲೇಸ್ ಅನ್ನುವ ಜಾಗದಲ್ಲಿ, ಮಾಮೂಲಿ ಪುಶ್‌ಗೆ (ಸರ್ವರ್‌ಗೆ ಕಳಿಸುವುದು) ಅದು ಹೋಗಲ್ಲ, ಮಾಮೂಲಿ ಫೆಚ್‌ಗೆ ಬರೋದೂ ಇಲ್ಲ. ಪುಶ್ ಮಾಡುವಾಗ ರೆಫ್ಸ್/ರಿಪ್ಲೇಸ್/* ಅಂತ ಹೆಸರು ಹಿಡಿದು ಕೊಡಬೇಕು, ಉಳಿದವರೂ ಹಾಗೇ ಫೆಚ್ ಮಾಡಬೇಕು, ಇಲ್ಲ ಅಂದರೆ ಕಾನ್ಫಿಗ್‌ನಲ್ಲಿ ಒಂದು ಸಾಲು ಸೇರಿಸಿಕೊಳ್ಳಬೇಕು. ವೆಬ್‌ಸೈಟ್‌ನ ಬ್ಲೇಮ್ ಪುಟದಲ್ಲಿ ಇದು ಕಾಣುತ್ತೆ ಅಂತ ನಂಬಬೇಡಿ, ಟರ್ಮಿನಲ್‌ನಲ್ಲೇ ನೋಡಿ.

ಇತಿಹಾಸವನ್ನೇ ಮರಳಿ ಬರೆಯುವ ಗಿಟ್ ಫಿಲ್ಟರ್-ರೆಪೊ ಓಡಿಸಿ ಶಾಶ್ವತವಾಗಿ ಬೆಸೆಯೋಕೂ ಬರುತ್ತದೆ, ಆದರೆ 2019ರಿಂದ ಈಚಿನ ಎಲ್ಲಾ ಹ್ಯಾಶ್ ಬದಲಾಗುತ್ತವೆ. ತೆರೆದಿರುವ ಬ್ರಾಂಚ್‌ಗಳು, ಟಿಕೆಟ್‌ನಲ್ಲಿ ಬರೆದಿಟ್ಟ ಹ್ಯಾಶ್‌ಗಳು ಎಲ್ಲಾ ಕೆಡುತ್ತವೆ. ಆ ಗೋಜಿಗೆ ಹೋಗಬೇಡಿ. ಆ ಸರ್ವರ್‌ನಲ್ಲಿರುವ ಹಳೆ ರೆಪೊವನ್ನು ಯಾರೂ ಒರೆಸಿ ಹಾಕುವ ಮೊದಲು ಹೊಸ ಕಡೆಗೆ ರೀಡ್ ಓನ್ಲಿ ಮಾಡಿ ಕಾಪಿ ಇಡಿ, ಗ್ರಾಫ್ಟ್ ಕಮಾಂಡನ್ನು ರೀಡ್‌ಮಿಯಲ್ಲಿ ಬರೆಯಿರಿ. 2017ರ ಆ ಹ್ಯಾಶ್ ಮತ್ತು ದೂರಿನ ವಿಷಯ ಎರಡನ್ನೂ ನಿಮ್ಮ ಪುಲ್ ರಿಕ್ವೆಸ್ಟ್‌ನ ಕಮಿಟ್ ಮೆಸೇಜ್‌ನಲ್ಲೇ ಹಾಕಿ. ನಿಮ್ಮಲ್ಲಿ ಸ್ಕ್ವಾಶ್ ಮರ್ಜ್ (ಹಲವು ಕಮಿಟ್‌ಗಳನ್ನು ಒಂದಾಗಿಸಿ ಸೇರಿಸುವುದು) ಮಾಡುವ ಪದ್ಧತಿ ಇದ್ದರೆ ಮರ್ಜ್ ಒತ್ತುವ ಮೊದಲು ಆ ಸಾಲು ಉಳಿದಿದೆಯಾ ಅಂತ ಒಮ್ಮೆ ನೋಡಿ.